ಹಾಲಿಗೆ ನಿಂತವರು

ನಮ್ಮ ನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿರುವವರನ್ನು ಬಸ್ಸಿನಲ್ಲೇ ಗುರುತಿಸಬಹುದು. ತೊಡೆಯ ಮೇಲೆ ಪಾತ್ರೆ, ಚೀಲದಲ್ಲಿ ಹಾಲಿನ ಪ್ಯಾಕೆಟ್ಟು, ಪರೀಕ್ಷೆಗೆ ಹೊರಟ ಮಕ್ಕಳಂಥ ಮುಖ. ಕಂಡಕ್ಟರು "ಹಾಲಿನವರು ಹಿಂದಕ್ಕೆ ಹೋಗಿ" ಎನ್ನುತ್ತಾನೆ. ಪಕ್ಕದಲ್ಲಿ ಕೂತವರು ಪಾತ್ರೆಯನ್ನೊಮ್ಮೆ ನೋಡಿ, "ಎಷ್ಟನೇದು?" ಎಂದು ಕೇಳುತ್ತಾರೆ. ಮೊದಮೊದಲು ನಾನು ನಿಜ ಹೇಳುತ್ತಿದ್ದೆ. ಒಂಬತ್ತನೆಯ ಮನೆಯ ಹೊತ್ತಿಗೆ "ಮೂರನೇದು" ಎನ್ನತೊಡಗಿದ್ದೆ.

ಮನೆ ಸಿಗಬೇಕಾದರೆ ಅಲ್ಲಿ ಹಾಲು ಉಕ್ಕಬೇಕು. ಇರಲು ಬರುವವರೆಲ್ಲ ಒಲೆಯ ಸುತ್ತ ನಿಲ್ಲಬೇಕು. ಪಾತ್ರೆ ಅರ್ಧ ಮಾತ್ರ ತುಂಬಿರಬೇಕು. ನಗರಸಭೆಯ ಸಾಕ್ಷಿ ಎದುರಿಗಿರುವಾಗ, ಅರ್ಧ ಗಂಟೆಯೊಳಗೆ, ಹಾಲು ಅಂಚು ದಾಟಿ ಹೊರಗಿಳಿಯಬೇಕು. ಇಳಿದರೆ ನಿಂತವರ ಹೆಸರುಗಳು ಬಾಡಿಗೆ ಚೀಟಿಗೆ ಬೀಳುತ್ತವೆ. ಹಾಲಿಗೆ ನಿಲ್ಲದವರು ಬಂದು ಇರಬಾರದೆಂದೇನೂ ಕಾನೂನಿಲ್ಲ, ಆದರೆ ಅವರಿಗೆ ಆ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಅದಕ್ಕೇ ನಮ್ಮಲ್ಲಿ ಎಷ್ಟೇ ಹತ್ತಿರದ ನೆಂಟರಾದರೂ ಊಟ ಮುಗಿಸಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ದೊಡ್ಡ ಬಾಡಿಗೆಯ ಬಡಾವಣೆಗಳಲ್ಲಿ ಹಾಲು ಬೆಚ್ಚಗಾಗುವ ಮೊದಲೇ ಉಕ್ಕುತ್ತದಂತೆ. ನಮ್ಮ ಸಂಬಳಕ್ಕೆ ಎಟಕುವ ಮನೆಗಳಲ್ಲಿ ಅದು ಅಂಚಿನವರೆಗೆ ಬಂದು, ಊದಿಕೊಂಡು, ಏನೋ ನೆನಪಾದ ಹಾಗೆ ಹಿಂದಕ್ಕೆ ಇಳಿಯುತ್ತದೆ. ಇಳಿದ ಹಾಲನ್ನು ಜನ ಚೆಲ್ಲುವುದಿಲ್ಲ, ಹಾಗೇ ಕುದಿಸಿ ಖೋವಾ ಮಾಡುತ್ತಾರೆ. ನಮ್ಮ ಕಡೆ ಮಿಠಾಯಿ ಅಂಗಡಿಗಳಲ್ಲಿ ಪೇಡ ಅಷ್ಟು ಅಗ್ಗವಾಗಿ ಸಿಗುವುದು ಅದರಿಂದಲೇ. ನನ್ನ ಮಗಳು ಬಿಂದು ಒಂಬತ್ತು ಮನೆಗಳ ಪೇಡ ತಿಂದು, ಸಿಹಿ ಎಂದರೆ ಮುಖ ತಿರುಗಿಸುವ ಹಾಗಾಗಿದ್ದಳು.

ನಾವು ಹದಿನಾಲ್ಕು ವರ್ಷ ಇದ್ದ ಕಟ್ಟಡವನ್ನು ಕೆಡವುವುದಕ್ಕೆ ಶುಕ್ರವಾರ ಗೊತ್ತಾಗಿತ್ತು. ಮೇಲಿನ ಎರಡು ಮಹಡಿಗಳ ಕಿಟಕಿಗಳನ್ನು ಆಗಲೇ ಕಿತ್ತಿದ್ದರು. ಮೆಟ್ಟಿಲ ಮೇಲೆಲ್ಲ ಗಾರೆಯ ಪುಡಿ. ಉಳಿದಿದ್ದವರು ನಾವು ನಾಲ್ವರೇ. ನಾನು, ನನ್ನ ಗಂಡ ರುದ್ರೇಶ, ಮೂರನೇ ತರಗತಿಯ ಬಿಂದು, ಮತ್ತು ನನ್ನ ಅತ್ತಿಗೆ, ಎಂದರೆ ಗಂಡನ ಅಕ್ಕ, ಗಿರಿಜಾಂಬ. ಶುಕ್ರವಾರದೊಳಗೆ ಮನೆ ಸಿಗದಿದ್ದರೆ ಹಾಲು ಉಕ್ಕದವರ ಛತ್ರಕ್ಕೆ ಹೋಗಬೇಕು. ಅಲ್ಲಿ ಗಂಡಸರಿಗೆ ನದಿಯ ಈ ದಡದಲ್ಲಿ ಜಾಗ, ಹೆಂಗಸರಿಗೆ ಆ ದಡದಲ್ಲಿ, ಹತ್ತು ವರ್ಷದೊಳಗಿನ ಮಕ್ಕಳಿಗೆ ಮೂರನೆಯ ಕಡೆ. ನಮ್ಮ ಬೀದಿಯಿಂದ ಹಾಗೆ ಹೋದ ಒಂದು ಸಂಸಾರ ಇನ್ನೂ ಒಟ್ಟಾಗಿಲ್ಲ. ಆ ಗಂಡಹೆಂಡತಿ ಭಾನುವಾರ ಸೇತುವೆಯ ಮೇಲೆ ನಿಂತು ಮಾತಾಡುವುದನ್ನು ನಾನೇ ಕಂಡಿದ್ದೆ.

ನಾನು ಪಠ್ಯಪುಸ್ತಕದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ತಪ್ಪನ್ನು ಹುಡುಕುವುದೇ ಕೆಲಸ. ಒಂಬತ್ತು ಮನೆಗಳ ವಿವರವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದೆ: ಯಾವ ಗೋಡೆಗೆ ತೇವ, ಯಾವ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಹಾಲು ಎಷ್ಟು ಬೆರಳು ಏರಿ ಎಷ್ಟು ಹೊತ್ತು ನಿಂತಿತು. ಆ ಪುಸ್ತಕ, ನಾಲ್ವರ ಗುರುತಿನ ಕಾಗದಗಳು, ಬಿಂದುವಿನ ಶಾಲೆಯ ಪತ್ರ, ಎಲ್ಲ ಒಂದು ಚೀಲದಲ್ಲಿದ್ದವು. ಕಟ್ಟಡ ಕೆಡವುತ್ತಾರೆಂದು ನೋಟೀಸು ಬಂದ ದಿನದಿಂದ ಆ ಚೀಲ ನನ್ನ ಹೆಗಲ ಮೇಲೇ ಇತ್ತು. ಅಡಿಗೆ ಮಾಡುವಾಗಲೂ ಇರುತ್ತಿತ್ತು.

ಬುಧವಾರ ದಲ್ಲಾಳಿ ಮಸ್ತಾನ್ ಸಾಬರು ಹತ್ತನೆಯ ಮನೆಯ ಸುದ್ದಿ ತಂದರು. ಬಿಳಿಗಡ್ಡದ, ನಿಧಾನ ಮಾತಿನ ಮನುಷ್ಯ. ನಮ್ಮ ಒಂಬತ್ತು ಮನೆಗಳನ್ನೂ ಅವರೇ ತೋರಿಸಿದ್ದರು. "ಎರಡು ಕೋಣೆ, ಮೂರನೇ ಮಹಡಿ, ನೀರು ದಿನಾ ಬರುತ್ತೆ. ನಿಮ್ಮ ಕೈಗೆ ಎಟಕೋ ಬಾಡಿಗೆ. ಇದೂ ಆಗಲಿಲ್ಲ ಅಂದ್ರೆ ನನ್ನ ಹತ್ರ ಇನ್ನಿಲ್ಲ ಮೇಡಮ್," ಎಂದರು. ಆಮೇಲೆ ನನ್ನನ್ನು ಗೇಟಿನ ಹತ್ತಿರ ಕರೆದು, ದನಿ ತಗ್ಗಿಸಿದರು. "ಒಂಬತ್ತು ಮನೇಲೂ ಒಂದೇ ಥರ ಇಳೀತು. ಅಂದ್ರೆ ಮನೆ ತಕರಾರಲ್ಲ. ನಿಮ್ಮಲ್ಲಿ ಯಾರೋ ಒಬ್ಬರಿಗೆ ಹಾಲು ಏಳ್ತಿಲ್ಲ. ಸಾಕ್ಷಿ ಮೇಡಮ್ ಬರೋದು ಮೂರು ಗಂಟೆಗೆ. ಕೀಲಿ ನಾನು ಹನ್ನೆರಡಕ್ಕೇ ಕೊಡ್ತೀನಿ. ಒಳಗೆ ನೀವೇನು ಮಾಡ್ತೀರೋ ನಾನು ನೋಡಿಲ್ಲ."

ಅವರು ಹೇಳಿದ್ದು ಏನೆಂದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಒಬ್ಬೊಬ್ಬರನ್ನೇ ಹೊರಗೆ ನಿಲ್ಲಿಸಿ, ಉಳಿದವರು ಒಳಗೆ ಹಾಲು ಕಾಯಿಸುವುದು. ಯಾರು ಹೊರಗಿದ್ದಾಗ ಉಕ್ಕುತ್ತದೋ, ಮನೆಗೆ ಬೇಡವಾದವರು ಅವರು. ನಾವು ಹಾಗೆ ಮಾಡಿದೆವು ಎಂದು ಯಾವ ಸಂಸಾರವೂ ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಸಂಸಾರದಲ್ಲಿ ಒಬ್ಬರು ಇದ್ದಕ್ಕಿದ್ದಂತೆ ದೂರದ ಊರಿಗೆ ಕೆಲಸಕ್ಕೆ ಹೋದರೆ ಬೇರೆಯವರು ಏನೂ ಕೇಳುವುದಿಲ್ಲ.

ಮಸ್ತಾನ್ ಸಾಬರು "ಯಾರೋ ಒಬ್ಬರು" ಎಂದಾಗ ನನ್ನ ತಲೆಗೆ ಬಂದದ್ದು ಅತ್ತಿಗೆಯ ಮುಖ. ಸುಳ್ಳೇಕೆ. ಅತ್ತಿಗೆಗೆ ಅರವತ್ತೊಂದು ವರ್ಷ. ನಶ್ಯ ಸೇದುತ್ತಾರೆ, ಬೀದಿಗೆ ಕೇಳುವಂತೆ ಸೀನುತ್ತಾರೆ, ಹೊಲಿಗೆ ಮಿಷನ್ನು ತುಳಿಯುತ್ತ ಕೆಳಗಿನ ಮನೆಯವರ ನಿಷ್ಠುರ ಕಟ್ಟಿಕೊಳ್ಳುತ್ತಾರೆ, ಯಾರಿಗೆ ಏನನ್ನಾದರೂ ಹೇಳಿಬಿಡುತ್ತಾರೆ. ಐದನೆಯ ಮನೆಯ ಒಡೆಯನಿಗೆ "ನಿಮ್ಮ ಬಚ್ಚಲಲ್ಲಿ ಎಮ್ಮೆ ಕಟ್ಟಿದ್ದಿರಾ" ಎಂದು ಕೇಳಿದ್ದರು. ಇಂಥವರನ್ನು ಮನೆ ಒಪ್ಪದಿದ್ದರೆ ಅದರದ್ದೇನು ತಪ್ಪು ಎಂದು ನನಗೆ ಅನ್ನಿಸಿತ್ತು. ಹಾಗೆ ಅನ್ನಿಸಿದ ಕೂಡಲೇ ಇನ್ನೊಂದೂ ನೆನಪಾಯಿತು. ನಾನು ಮದುವೆಯಾಗಿ ಬಂದ ದಿನ, ಈಗ ಕೆಡವಲಿರುವ ಇದೇ ಮನೆಯಲ್ಲಿ, ನನಗಾಗಿ ಹಾಲಿಟ್ಟಾಗ ಅದು ಅಂಚಿನಲ್ಲೇ ನಿಂತುಬಿಟ್ಟಿತ್ತು. ಆಗ ಬದುಕಿದ್ದ ನಮ್ಮತ್ತೆ, ಹುಡುಗಿಯನ್ನು ತವರಿಗೆ ಕಳಿಸಿ ಎಂದಿದ್ದರು. ಆ ಕಾಲದಲ್ಲಿ ಸಾಕ್ಷಿಗಳು ಅರ್ಧ ಗಂಟೆಯ ಲೆಕ್ಕ ಹಿಡಿಯುತ್ತಿರಲಿಲ್ಲ. ಅತ್ತಿಗೆ ಒಲೆಯ ಮುಂದೆ ಕೂತು, ಹಾಲು ತಗ್ಗಿದಂತೆಲ್ಲ ಬೇರೆ ಹಾಲು ಸುರಿಯುತ್ತ, ನನ್ನ ಮುಂದೆ ಒಂದು ಮೊರ ಅವರೆಕಾಯಿ ಇಟ್ಟು, "ಸುಮ್ನೆ ಕೂತು ಏನ್ಮಾಡ್ತೀಯ, ಬಿಡಿಸು" ಎಂದಿದ್ದರು. ಮಧ್ಯಾಹ್ನ ಕಳೆದು ಯಾವಾಗಲೋ ಹಾಲು ಉಕ್ಕಿತು. ಯಾಕೆ ಉಕ್ಕಿತೆಂದು ನನಗೆ ಅಲ್ಲಿಯವರೆಗೂ ತಿಳಿದಿರಲಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳುವಾಗ ಮಾತುಗಳನ್ನು ತೂಗಿ ಹೇಳಿದೆ. "ಒಬ್ಬೊಬ್ಬರಾಗಿ ನೋಡಬಹುದು ಅಂತ ಮಸ್ತಾನ್ ಸಾಬರ ಅಭಿಪ್ರಾಯ. ನಾನು ಯಾರ ಹೆಸರನ್ನೂ ಹೇಳ್ತಿಲ್ಲ."

ರುದ್ರೇಶ ಮಡಿಸುತ್ತಿದ್ದ ಹೊದಿಕೆಯನ್ನು ಹಾಗೇ ಹಿಡಿದು ನಿಂತರು. "ಗೊತ್ತಾದ ಮೇಲೆ ಏನು ಮಾಡ್ತೀಯ?"

ಪಕ್ಕದ ಕೋಣೆಯಲ್ಲಿ ತಿರುಗುತ್ತಿದ್ದ ಮಿಷನ್ನಿನ ಸದ್ದು ನಿಂತಿತ್ತು.

ಗುರುವಾರ ಹನ್ನೆರಡಕ್ಕೆ ಹೊಸ ಮನೆಯ ಬಾಗಿಲು ತೆಗೆದೆವು. ಹೋಗುವ ದಾರಿಯಲ್ಲಿ ಅತ್ತಿಗೆ ಬಸ್ಸಿನಿಂದ ಇಳಿದವರೇ, ನಾವು ಅವಸರ ಮಾಡುತ್ತಿದ್ದರೂ ಕೇಳದೆ, ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡಿ ಎರಡು ಕೆ.ಜಿ. ಅವರೆಕಾಯಿ ಕೊಂಡಿದ್ದರು. "ಮನೆ ಸಿಕ್ಕರೂ ಸಿಗದೇ ಇದ್ರೂ ಊಟಕ್ಕೆ ಸಾರು ಬೇಕಲ್ಲ," ಎಂದರು. ಮನೆ ಖಾಲಿಯಾಗಿ, ಸುಣ್ಣದ ವಾಸನೆ ಹೊಡೆಯುತ್ತಿತ್ತು. ನಾನು ಬಾಗಿಲ ಪಕ್ಕದಲ್ಲೇ ನಿಂತು ನೋಡಿದೆ: ಅಡಿಗೆಮನೆಯ ಮೂಲೆಯಲ್ಲಿ ಬಿರುಕು, ಕಿಟಕಿಯ ಒಂದು ಗಾಜು ಇಲ್ಲ, ಕಡಪ ಕಲ್ಲಿನ ಕಟ್ಟೆ ಒಂದು ಕಡೆ ವಾಲಿದೆ. ಪುಸ್ತಕ ತೆಗೆದು ಮೂರನ್ನೂ ಬರೆದುಕೊಂಡೆ.

ರುದ್ರೇಶ ಸಣ್ಣ ಗ್ಯಾಸ್ ಒಲೆಯನ್ನು ಕಟ್ಟೆಯ ಮೇಲಿಟ್ಟರು. ನಾಲ್ಕು ಪ್ಯಾಕೆಟ್ಟು ಹಾಲಿತ್ತು. ಅತ್ತಿಗೆ ಸೆರಗಿನ ಗಂಟಿನಿಂದ ನಶ್ಯದ ಡಬ್ಬಿ ತೆಗೆದು, ಚಿಟಿಕೆ ಸೇದಿ, ನನ್ನ ಕಡೆ ನೋಡಿದರು.

"ಮೊದಲು ನಾನೇ ಹೋಗ್ತೀನಿ. ನಿನ್ನ ಮನಸ್ಸಲ್ಲಿರೋದೂ ಅದೇ ತಾನೆ?"

"ಹಾಗೇನಿಲ್ಲ ಅತ್ತಿಗೆ," ಎಂದೆ.

"ಇದ್ರೆ ಇರಲಿ ಬಿಡು. ನನ್ನ ಮನಸ್ಸಲ್ಲೂ ಅದೇ ಇದೆ. ಬಿಂದು, ಆ ಕಾಯಿ ಚೀಲ ನೋಡ್ಕೊ," ಎಂದು ಹೊರಗೆ ಹೋಗಿ ತಾವೇ ಬಾಗಿಲು ಎಳೆದುಕೊಂಡರು.

ಹಾಲಿಟ್ಟೆವು. ಮೂವರೂ ಸುತ್ತ ನಿಂತೆವು. ಹೊರಗೆ ಅತ್ತಿಗೆ ಎರಡು ಸಲ ಸೀನಿದ್ದು ಕೇಳಿಸಿತು. ಹಾಲಿನ ಮೇಲೆ ಕೆನೆಯ ಪದರ ಸುಕ್ಕಾಯಿತು, ಅಂಚಿನಲ್ಲಿ ಗುಳ್ಳೆ ಎದ್ದವು, ನಡುವೆ ಉಬ್ಬಿತು. ಏರಿತು. ಏಳಲಿ ಎಂದು ನಾನು ಬೇಡಿಕೊಂಡೆನೋ ಏಳದಿರಲಿ ಎಂದು ಬೇಡಿಕೊಂಡೆನೋ ಈಗ ಹೇಳಲಾರೆ. ಅಂಚಿಗೆ ಒಂದು ಕೂದಲೆಳೆ ಇರುವಾಗ ಹಾಲು ನಿಂತು, ನಿಟ್ಟುಸಿರು ಬಿಟ್ಟಂತೆ ಇಳಿಯಿತು. ರುದ್ರೇಶ ಉರಿ ಆರಿಸಿ, "ಅಕ್ಕ ಅಲ್ಲ," ಎಂದರು. ಅವರ ದನಿಯಲ್ಲಿದ್ದದ್ದು ಬರೀ ಸಮಾಧಾನ. ನನ್ನ ಮುಖದಲ್ಲಿ ಏನಿತ್ತೋ, ಒಳಗೆ ಬಂದ ಅತ್ತಿಗೆ ಅದನ್ನು ನೋಡದವರ ಹಾಗೆ ಪಾತ್ರೆ ತೊಳೆದರು.

ಎರಡನೆಯ ಸಲ ರುದ್ರೇಶ ಹೋದರು. ಇಳಿಯಿತು. ಮೂರನೆಯ ಸಲ ಮಗುವನ್ನು ಹೊರಗೆ ನಿಲ್ಲಿಸುವುದು ಬೇಡವೆಂದು ಅವರು ಹಟ ಹಿಡಿದರು. ಬಿಂದು ತಾನಾಗಿಯೇ, "ನಾನು ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳ್ತೀನಿ, ಜೋರಾಗಿ ಹೇಳ್ತೀನಿ, ಆಗ ನಾನು ಎಲ್ಲೂ ಹೋಗಿಲ್ಲ ಅಂತ ನಿಮಗೆ ಗೊತ್ತಾಗುತ್ತೆ," ಎಂದಳು. ಏಳರ ಮಗ್ಗಿ ಮುಗಿದು ಎಂಟರದು ಶುರುವಾಗುವಾಗ ಹಾಲು ಇಳಿಯಿತು.

ಉಳಿದದ್ದು ನಾನು.

"ನೀನು ಹೋಗೋದು ಬೇಡ," ಎಂದರು ರುದ್ರೇಶ. "ಮೂರು ಸಲ ಆಯ್ತು. ಮಸ್ತಾನ್ ಸಾಬರ ಲೆಕ್ಕವೇ ತಪ್ಪಿರಬಹುದು."

"ಮೂವರು ಹೋಗಿದ್ದಾರೆ. ನಾನೊಬ್ಬಳು ಹೋಗದಿದ್ದರೆ ಅದು ಸರಿಯಲ್ಲ," ಎಂದೆ. ಹೊರಗೆ ಬಂದು ಬಾಗಿಲು ಹಾಕಿದೆ.

ಎದುರು ಮನೆಯ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ, ಒಂದು ತುಳಸಿಯ ಡಬ್ಬ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಬ್ಬ ಹೆಂಗಸು ಕಸದ ಬುಟ್ಟಿ ಹಿಡಿದು ಹೊರಬಂದರು. ನನ್ನದೇ ವಯಸ್ಸು.

"ಹಾಲಿಗೆ ಬಂದಿದೀರಾ?"

"ಹೌದು."

"ಒಬ್ಬರೇ ಹೊರಗೆ ನಿಂತಿದೀರಲ್ಲ," ಎಂದವರು ಅಷ್ಟರಲ್ಲೇ ತಡೆದರು. ಒಳಗೆ ಹೋಗಿ ಒಂದು ಮಣೆ ತಂದು ನನ್ನ ಕಾಲ ಬಳಿ ಇಟ್ಟರು. "ಕೂತ್ಕೊಳ್ಳಿ. ನಾವು ಬರೋವಾಗ ನಾನೂ ಇಲ್ಲೇ ನಿಂತಿದ್ದೆ."

"ಆಮೇಲೆ?"

"ಆಮೇಲೆ ಏನು. ನಿದ್ದೆ ಇಲ್ಲದೇ ಇದ್ರೂ ಬದುಕು ನಡೆಯುತ್ತೆ," ಎಂದು ಕಸದ ಬುಟ್ಟಿ ಹಿಡಿದು ಕೆಳಗಿಳಿದರು. ಅವರ ಕಣ್ಣಿನ ಕೆಳಗಿನ ಕಪ್ಪನ್ನು ನಾನು ಆಗ ನೋಡಿದೆ.

ನಾನು ಕೂರಲಿಲ್ಲ. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ಮೊದಲು ಬಂದದ್ದು ವಾಸನೆ. ಉಕ್ಕಿ ಒಲೆಯ ಮೇಲೆ ಬಿದ್ದು ಹೊತ್ತಿದ ಹಾಲಿನ ವಾಸನೆ ಯಾವ ಹೆಂಗಸಿಗೆ ಗೊತ್ತಿಲ್ಲ. ಅದರ ಹಿಂದೆಯೇ ಚುಂಯ್ ಎಂಬ ಸದ್ದು, ಉರಿ ಆರಿದ ಸದ್ದು. ಯಾರೂ ಹೊರಗೆ ಬರಲಿಲ್ಲ. ಅತ್ತಿಗೆಯ ತಗ್ಗಿದ ದನಿ, ರುದ್ರೇಶರದ್ದೊಂದು ಮಾತು, ನಲ್ಲಿಯ ನೀರು.

ನಾನು ಮೆಟ್ಟಿಲುಗಳ ಕಡೆ ನೋಡಿದೆ. ಕಾಗದಗಳೆಲ್ಲ ನನ್ನ ಹತ್ತಿರವೇ ಇದ್ದವು. ನನ್ನದೊಂದನ್ನು ತೆಗೆದುಕೊಂಡು ಉಳಿದದ್ದನ್ನು ಮಣೆಯ ಮೇಲಿಟ್ಟು ಹೋಗಬಹುದಿತ್ತು. ಹೆಂಗಸರ ಛತ್ರಕ್ಕೆ ಯಾವ ಬಸ್ಸು ಎಂಬುದೂ ಗೊತ್ತಿತ್ತು. ಬಿಂದುವಿನ ಶಾಲೆ ಇಲ್ಲಿಂದ ಎರಡೇ ಬೀದಿ. ಭಾನುವಾರ ಸೇತುವೆಯ ಮೇಲೆ ಸಿಗಬಹುದು. ಹೀಗೆ ಒಂದೊಂದಾಗಿ ಯೋಚಿಸುತ್ತಿರುವಾಗಲೇ ಬಾಗಿಲು ತೆರೆಯಿತು.

ಅತ್ತಿಗೆ. ಎಡಗೈಯಲ್ಲಿ ತೊಳೆದ ಪಾತ್ರೆ. "ಬಾ ಒಳಗೆ," ಎಂದರು. "ಏಳಲಿಲ್ಲ."

ರುದ್ರೇಶ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಬಿಂದು ಜಡೆಯ ತುದಿ ಕಚ್ಚುತ್ತ, ನನ್ನ ಕಾಲುಗಳನ್ನು ನೋಡುತ್ತ, "ಏಳಲಿಲ್ಲಮ್ಮ," ಎಂದಳು. ಒಲೆಯನ್ನು ಒರೆಸಿದ್ದರು. ಅತ್ತಿಗೆಯ ಸೆರಗಿನ ಒಂದು ಮೂಲೆ ಒದ್ದೆಯಾಗಿತ್ತು. ಪಾತ್ರೆಯನ್ನು ಚೆನ್ನಾಗಿಯೇ ಉಜ್ಜಿದ್ದರು, ಆದರೆ ಅವಸರದಲ್ಲಿ ಹಿಡಿಯ ಕೆಳಗೆ ಕೈ ಹೋಗಿರಲಿಲ್ಲ. ಅಲ್ಲಿ ಬೆರಳುದ್ದದ ಒಂದು ಬಿಳಿಯ ಗೆರೆ ಒಣಗಿ ಅಂಟಿತ್ತು.

ತಪ್ಪು ಕಂಡರೆ ಗುರುತು ಹಾಕುವುದು ನನ್ನ ಅಭ್ಯಾಸ. ಆ ಗೆರೆಯನ್ನು ನೋಡಿದೆ, ಪುಸ್ತಕ ತೆಗೆಯಲಿಲ್ಲ.

"ಹಾಗಾದರೆ ನಾಲ್ವರೂ ಅಲ್ಲ," ಎಂದೆ.

"ನಾಲ್ವರೂ ಅಲ್ಲ," ಎಂದರು ಅತ್ತಿಗೆ. "ರುದ್ರ, ಕೆಳಗೆ ಹೋಗಿ ಇನ್ನೊಂದು ಪ್ಯಾಕೆಟ್ಟು ಹಾಲು ತಗೊಂಬಾ. ಎಮ್ಮೆ ಹಾಲು ಕೊಟ್ಟರೆ ಬೇಡ ಅನ್ನು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಆ ಚೀಲ ಯಾಕೆ ಹೊತ್ಕೊಂಡೇ ಇದೀಯ?"

"ಕಾಗದಗಳಿವೆ."

"ಕಾಗದಕ್ಕೆ ಕಾಲಿಲ್ಲ. ಮದುವೆ ದಿನವೂ ಹೀಗೇ ಟ್ರಂಕಿನ ಕೀಲಿ ಮುಷ್ಟೀಲಿ ಹಿಡ್ಕೊಂಡು ನಿಂತಿದ್ದೆ. ಬೆರಳು ಬಿಡಿಸೋದಕ್ಕೆ ನನಗೆ ಅರ್ಧ ದಿನ ಹಿಡೀತು. ಇವತ್ತು ಅರ್ಧ ಗಂಟೆ ಇರೋದು." ಅವರು ಗೋಡೆಗೆ ಒರಗಿ ಕೂತು, ಕಾಲು ಚಾಚಿ, ಅವರೆಕಾಯಿಯ ಚೀಲವನ್ನು ನೆಲದ ಮೇಲೆ ಸುರಿದರು. "ಕೂತ್ಕೊ. ಬಿಡಿಸು."

ಚೀಲ ಇಳಿಸಿದಾಗ ಹೆಗಲು ಹಗುರವಾಗಲಿಲ್ಲ, ಚಳಿಯಾಯಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತೆ. ಬಿಂದು ಬಂದು ಕೈಯಿಂದ ತೆಗೆದುಕೊಂಡು, ಒಳಗಿನ ಕೋಣೆಯ ಗೋಡೆಯ ಗೂಡಿನಲ್ಲಿಟ್ಟು ಬಂದಳು.

ಮೂರು ಗಂಟೆಗೆ ಸಾಕ್ಷಿ ಬಂದರು. ದಪ್ಪ ಕನ್ನಡಕದ ಹೆಂಗಸು. ಕೈಯಲ್ಲಿ ಅಳತೆಯ ಕಡ್ಡಿ, ಮೊಹರಿನ ಡಬ್ಬಿ. ಹಿಂದೆ ಮಸ್ತಾನ್ ಸಾಬರು. ಅವರು ಯಾರ ಮುಖವನ್ನೂ ನೋಡದೆ ಬಾಗಿಲ ಹೊರಗೇ ನಿಂತರು. ಸಾಕ್ಷಿ ಪಾತ್ರೆಯನ್ನು ಎತ್ತಿ ತಿರುಗಿಸಿದರು. ಹಿಡಿಯ ಬಳಿ ಅವರ ಕಣ್ಣು ನಿಂತಿತು. ಮೊದಲೇ ಉಕ್ಕಿಸಿ ನೋಡಿದ ಮನೆಗೆ ಚೀಟಿ ಕೊಡುವಂತಿಲ್ಲ.

"ಪಾತ್ರೆ ಯಾರು ತೊಳೆದದ್ದು?" ಎಂದು ಕೇಳಿದರು.

"ನಾನು," ಎಂದರು ಅತ್ತಿಗೆ, ಕಾಯಿ ಬಿಡಿಸುವುದನ್ನು ನಿಲ್ಲಿಸದೆ. "ಕಣ್ಣು ಮಂಜು ಮೇಡಮ್. ಕಳೆದ ಮನೇದೂ ಅಂಟಿರಬಹುದು, ಅದರ ಹಿಂದಿನದೂ ಇರಬಹುದು. ಒಂಬತ್ತು ಮನೆ ಆಗಿದೆ."

ಸಾಕ್ಷಿ ಆ ಗೆರೆಯನ್ನು ಉಗುರಿನಿಂದ ಒಮ್ಮೆ ಕೆರೆದರು. ಆಮೇಲೆ ಹಾಲು ಹೊಯ್ಯಿಸಿ, ಕಡ್ಡಿ ಇಳಿಸಿ ಅರ್ಧ ಪಾತ್ರೆ ಅಳೆದರು. "ಎಷ್ಟು ಜನ?"

"ನಾಲ್ಕು," ಎಂದರು ರುದ್ರೇಶ. ನಾನು ಹೇಳಬೇಕಾಗಿದ್ದದ್ದನ್ನು ಅವರು ಅವಸರವಾಗಿ ಹೇಳಿದರು.

"ನಿಲ್ಲಬೇಕು. ಕೂತಿದ್ದಾರಲ್ಲ ಇಬ್ಬರು?"

"ಮಂಡಿ ನೋವು," ಎಂದರು ಅತ್ತಿಗೆ. "ಇವಳು ನನಗೆ ಜೊತೆ."

"ಒಲೆಯ ಸುತ್ತ ಇದ್ದರಾಯ್ತು, ಬಿಡಿ," ಎಂದು ಸಾಕ್ಷಿ ಗಡಿಯಾರ ನೋಡಿದರು.

ಹಾಲು ಕಾಯತೊಡಗಿತು. ಹತ್ತು ನಿಮಿಷಕ್ಕೆ ಏರಿತು, ನಿಂತಿತು. ಹದಿನೈದಕ್ಕೆ ತಗ್ಗಿತು. ರುದ್ರೇಶರ ಕೈ ಬಿಂದುವಿನ ತಲೆಯ ಮೇಲಿತ್ತು. ನಾನು ಅವರೆಯ ಸಿಪ್ಪೆ ಸುಲಿಯುತ್ತ ಕಟ್ಟೆಯ ಕಡೆ ನೋಡಿದೆ. ಅದು ವಾಲಿರುವುದು ಕೆಳಗಿನಿಂದ ಅಷ್ಟು ಕಾಣುತ್ತಿರಲಿಲ್ಲ. ಗಾಜಿಲ್ಲದ ಕಿಟಕಿಯಿಂದ ಬಿಸಿಲು ಎಡಗಡೆಯಿಂದ ಬಂದು ನೆಲದ ಮೇಲೆ ಬಿದ್ದಿತ್ತು. ಹೊಲಿಯುವವರಿಗೆ ಎಡಗಡೆಯ ಬೆಳಕೇ ಬೇಕು.

"ಅತ್ತಿಗೆ," ಎಂದೆ, "ನಿಮ್ಮ ಮಿಷನ್ನು ಆ ಕಿಟಕಿ ಹತ್ತಿರ ಹಾಕಬಹುದು."

"ಅಲ್ಲಿ ಮಧ್ಯಾಹ್ನ ಬಿಸಿಲು ಹೊಡೆಯುತ್ತೆ. ಕಣ್ಣು ಹೋಗುತ್ತೆ ನನಗೆ."

"ಪರದೆ ಹಾಕೋಣ."

"ಪರದೆ ಹಾಕಿದ್ರೆ ಬೆಳಕೆಲ್ಲಿ ಬರುತ್ತೆ? ಒಳಗಿನ ಕೋಣೇಲಿ ಹಾಕ್ತೀನಿ."

"ಒಳಗಿನ ಕೋಣೆ ಬಿಂದುಗೆ. ಅಲ್ಲಿ ಗೋಡೆಗೂಡಿದೆ, ಪುಸ್ತಕ ಇಡಬಹುದು. ನಿಮ್ಮ ಮಿಷನ್ನು ಅಲ್ಲಿಟ್ಟರೆ ಅವಳು ಓದೋದು ಹೇಗೆ? ಕಿಟಕಿ ಹತ್ತಿರವೇ ಸರಿ. ಕೆಳಗೆ ಒಂದು ಗೋಣಿಚೀಲ ಹಾಸಿದರೆ ಸದ್ದೂ ಕಡಿಮೆ."

"ಗೋಣಿಚೀಲದ ಮೇಲೆ ಮಿಷನ್ನು ನಿಲ್ಲುತ್ತಾ? ನಿನಗೇನು ಗೊತ್ತು, ಒಂದು ಗುಂಡಿ ಹಾಕಿದವಳಲ್ಲ."

"ಕಾಲಿನ ಕೆಳಗೆ ಹಲಗೆ ಕೊಟ್ಟರೆ ನಿಲ್ಲುತ್ತೆ," ಎಂದು ನಾನು ಬಿಡಿಸಿದ ಕಾಯನ್ನು ಕೆಳಗಿಟ್ಟು, ಹಲಗೆ ಎಷ್ಟಿರಬೇಕೆಂದು ಕೈಯಲ್ಲಿ ತೋರಿಸುತ್ತಿದ್ದೆ. ಆಗ ಚುಂಯ್ ಎಂದಿತು.

ಹಾಲು ಪಾತ್ರೆಯ ಸುತ್ತಲೂ ಇಳಿದು, ಉರಿಯನ್ನು ಆರಿಸಿ, ವಾಲಿದ ಕಟ್ಟೆಯ ಮೇಲೆ ಹರಿದು, ಅಂಚಿನಿಂದ ಒಂದೊಂದೇ ಹನಿಯಾಗಿ ನೆಲಕ್ಕೆ ಬೀಳುತ್ತಿತ್ತು. ರುದ್ರೇಶ ಕನ್ನಡಕ ತೆಗೆದು ಒರೆಸಿಕೊಂಡರು. ಸಾಕ್ಷಿ ಗಡಿಯಾರ ನೋಡಿ, "ಇಪ್ಪತ್ತಾರು ನಿಮಿಷ," ಎಂದರು. "ಹೆಸರುಗಳನ್ನು ಹೇಳಿ."

"ಗಿರಿಜಾಂಬ," ಎಂದು ನಾನು ಮೊದಲು ಹೇಳಿದೆ. ಆಮೇಲೆ ರುದ್ರೇಶ, ಬಿಂದು. ಕೊನೆಗೆ ನನ್ನ ಹೆಸರು ಉಳಿಯಿತು. ಅತ್ತಿಗೆ ನೆಲದಿಂದಲೇ, "ಸುಗುಣ ಅಂತ ಬರ್ಕೊಳ್ಳಿ," ಎಂದರು. ನಾಲ್ಕು ಸಲ ಮೊಹರು ಬಿದ್ದ ಸದ್ದು ಎಣಿಸಿಕೊಂಡೆ.

ಸಾಕ್ಷಿ ಹೋದ ಮೇಲೆ ಪಾತ್ರೆ ತೊಳೆಯುವುದಕ್ಕೆ ನಾನೇ ಎತ್ತಿಕೊಂಡೆ. ಅತ್ತಿಗೆ, "ಅಲ್ಲಿಡು, ನಾನು ತೊಳೀತೀನಿ," ಎಂದು ಏಳಲು ಹೋದರು. ಮೊದಲ ಸಲ ಅವರ ದನಿಯಲ್ಲಿ ಗಾಬರಿ ಕೇಳಿದೆ.

"ನೀವು ಕಾಯಿ ಬಿಡಿಸಿ," ಎಂದೆ.

ನಲ್ಲಿಯ ಕೆಳಗೆ ಹಿಡಿದು ತಿರುಗಿಸಿದೆ. ಹಿಡಿಯ ಕೆಳಗೆ, ಒಣಗಿದ ಹಳೆಯ ಗೆರೆಯ ಮೇಲೆಯೇ ಹೊಸ ಹಾಲು ಇಳಿದಿತ್ತು. ಯಾವುದು ನಾನಿಲ್ಲದಾಗಿನದು, ಯಾವುದು ನಾನಿದ್ದಾಗಿನದು ಎಂದು ಬೇರೆ ಮಾಡಿ ತೋರಿಸಲು ನನ್ನಿಂದಲೂ ಆಗುತ್ತಿರಲಿಲ್ಲ. ನಾನು ಅದನ್ನು ಬೆರಳಿನಿಂದ ಉಜ್ಜಿ ತೆಗೆದೆ. ಬೆನ್ನ ಹಿಂದೆ ಅತ್ತಿಗೆ, ಗೋಣಿಚೀಲ ಆಗದು, ಹಳೆಯ ಜಮಖಾನ ಮಡಿಸಿ ಹಾಕಿದರೆ ಆಗಬಹುದು ಎಂದು ಬಿಂದುವಿಗೆ ಹೇಳುತ್ತಿದ್ದರು.